ಅವಳ ಕಾಲಿಗೆ ಇವಳು ಕಟ್ಟಿದ ಗೆಜ್ಜೆ

ಆಗೆಲ್ಲ ಮಾರ್ಗಳಿ, ಅಂದರೆ ಧನುರ್ಮಾಸ, ಬಂತೆಂದರೆ ನಮ್ಮ ಮೈಲಾಪೂರಿನಲ್ಲಿ ಹೊರದೇಶದವರು ಕಾಣುವುದು ಹೊಸತೇನಲ್ಲ. ಸಂಗೀತ ಕಚೇರಿಯಿಂದ ಸಭಾದ ಕ್ಯಾಂಟೀನಿನ ದೋಸೆಯವರೆಗೆ ಎಲ್ಲದಕ್ಕೂ ಅವರು ಹಾಜರು. ಆದರೆ ನಮ್ಮ ಮಹಡಿಯ ಕೋಣೆಗೇ ಇಬ್ಬರು ಬಂದಿಳಿದದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ವೇರಾ ರಷ್ಯಾದವಳು, ಓಕ್ಸಾನಾ ಉಕ್ರೇನಿನವಳು. ಇಪ್ಪತ್ತರ ಆಸುಪಾಸಿನ ಹುಡುಗಿಯರು, ಪಕ್ಕದ ಬೀದಿಯ ಟೀಚರ ಬಳಿ ಭರತನಾಟ್ಯ ಕಲಿಯಲು ಬಂದಿದ್ದರು. ನಾನಂತೂ ಹೋಂವರ್ಕ್ ಬಿಟ್ಟು ಅವರ ಹಿಂದೆ ಬಾಲದ ಹಾಗೆ ಸುತ್ತುತ್ತಿದ್ದೆ.

ಅವರ ಕೋಣೆ ತುಂಬ ಬಾಡಿದ ಮಲ್ಲಿಗೆ ಮತ್ತು ಕಾಲುನೋವಿನ ಎಣ್ಣೆಯ ವಾಸನೆ. ಒಂದೇ ತಟ್ಟೆಯಲ್ಲಿ ಪೊಂಗಲ್ ತಿನ್ನುತ್ತ, ಗೋಡಂಬಿಗೆ ಕಿತ್ತಾಡುತ್ತ, ರಷ್ಯನ್ನಿನಲ್ಲಿ ಹರಟುತ್ತಿದ್ದರು. ದೇಶ ಬೇರೆ, ಮಾತು ಹೇಗೆ ಒಂದೇ ಎಂದು ಕೇಳಿದ್ದಕ್ಕೆ ಓಕ್ಸಾನಾ ನಕ್ಕಳು. ಅವಳು ತನ್ನ ಅಜ್ಜಿಯ ಹತ್ತಿರ ಮಾತಾಡುವುದು ಬೇರೆ ಭಾಷೆಯಂತೆ, ನಾನು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮಾತಾಡುವ ಹಾಗೆ.

ಟೀಚರ ಕಾರ್ಯಕ್ರಮದಲ್ಲಿ ಇಬ್ಬರೂ ಜೋಡಿಯಾಗಿ ಕುಣಿಯಬೇಕಿದ್ದ ದಿನ ಬೆಳಿಗ್ಗೆ ವೇರಾಳ ಅಪ್ಪನ ಫೋನು ಬಂತು. ಎರಡು ದೇಶಗಳ ನಡುವೆ ಸಂಬಂಧ ಕೆಡುತ್ತಿದೆ, ಯುದ್ಧವಾದರೂ ಆದೀತು, ಆ ಹುಡುಗಿಯ ಸಹವಾಸ ಬಿಡು ಎಂದಿದ್ದರಂತೆ. ವೇರಾ ಅದನ್ನು ಮುಚ್ಚಿಡದೆ ಓಕ್ಸಾನಾಳಿಗೇ ಹೇಳಿಬಿಟ್ಟಳು. ತಾರಸಿಯಲ್ಲಿ ಎದುರುಬದುರು ಕೂತು ಮಾತಾಡಿದರು, ಮಾತಾಡಿದರು. ದನಿ ಏರಿತು, ಅಳು ಬಂತು, ಆದರೆ ಯಾರೂ ಎದ್ದು ಹೋಗಲಿಲ್ಲ. ನಮ್ಮಜ್ಜಿ ಕೊಟ್ಟುಕಳಿಸಿದ ಕಾಫಿ ನನ್ನ ಕೈಯಲ್ಲೇ ಆರಿತು. ಒಂದು ರಬ್ಬರಿಗಾಗಿ ಅಣ್ಣನ ಜೊತೆ ವಾರಗಟ್ಟಲೆ ಠೂ ಬಿಡುತ್ತಿದ್ದ ನನಗೆ, ಹೀಗೂ ಜಗಳವಾಡಬಹುದೇ ಎಂದು ಬೆರಗೋ ಬೆರಗು.

ಏನು ಮಾತಾಡಿದಿರಿ ಎಂದು ಆಮೇಲೆ ಕೇಳಿದೆ. ಓಕ್ಸಾನಾ ತನ್ನ ಹರಕುಮುರುಕು ತಮಿಳಿನಲ್ಲಿ ಹೇಳಿದಳು: ಇಬ್ಬರ ಅಣ್ಣಂದಿರೂ ಸೈನ್ಯದಲ್ಲಿದ್ದಾರೆ, ಅವಳಣ್ಣ ಆ ಕಡೆ, ನನ್ನಣ್ಣ ಈ ಕಡೆ. ಮನಸ್ಸಿನಲ್ಲಿದ್ದ ಭಯವನ್ನೆಲ್ಲ ಹೇಳಿಕೊಂಡೆವು, ಇನ್ನು ಕುಣಿಯುತ್ತೇವೆ.

ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ತಮ್ಮ ಕಾಲಿಗೆ ತಾವೇ ಕಟ್ಟಿಕೊಳ್ಳುವುದು ಅವರ ಟೀಚರ ಪದ್ಧತಿ. ಅಂದು ಸಂಜೆ ವೇರಾ ತನ್ನದನ್ನು ಬದಿಗಿಟ್ಟಳು. ನೆಲಕ್ಕೆ ಕೂತು, ಓಕ್ಸಾನಾಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಗೆಜ್ಜೆ ಕಟ್ಟಿದಳು. ಆಮೇಲೆ ಓಕ್ಸಾನಾ ಇವಳಿಗೆ. ಟೀಚರ್ ಬಯ್ಯುತ್ತಾರೆಂದು ಕಾದೆ. ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಮುಟ್ಟಿದರೆ ಮಡಿ ಹೋಯಿತೆನ್ನುವ ನಮ್ಮಜ್ಜಿ ಇಬ್ಬರ ಕೆನ್ನೆಯನ್ನೂ ಸವರಿ ನೆಟಿಗೆ ಮುರಿದರು.

"ಪಾವಂ, ಪಾಪ ಕಣೆ, ಯಾರ ಕಣ್ಣೂ ತಾಗದಿರ್ಲಿ ಇವಕ್ಕೆ," ಎಂದರು ನನಗೆ.

ಅವರು ಕುಣಿದದ್ದನ್ನು ವರ್ಣಿಸಲು ನನಗೆ ಬಾರದು. ಮೈ ಜುಮ್ಮೆಂದದ್ದು ಮಾತ್ರ ನೆನಪಿದೆ. ಆಮೇಲೆ ಎಷ್ಟೋ ದೊಡ್ಡವರ ನೃತ್ಯ ನೋಡಿದ್ದೇನೆ, ಹಾಗೆ ಇನ್ನೊಮ್ಮೆ ಅನ್ನಿಸಲಿಲ್ಲ.

ಇಬ್ಬರೂ ಊರಿಗೆ ಮರಳಿ ಕೆಲವು ವರ್ಷಗಳಲ್ಲಿ ದೊಡ್ಡ ಯುದ್ಧವೇ ಬಂತು. ಅಣ್ಣಂದಿರ ವಿಷಯ ನಾನು ಕೇಳಿಲ್ಲ, ಕೇಳಲು ಧೈರ್ಯವಿಲ್ಲ. ಅಷ್ಟು ಹೊತ್ತು ಮಾತಾಡಬಲ್ಲವರಾಗಿದ್ದ ಆ ಇಬ್ಬರ ನಡುವೆ ಈಗ ಒಂದು ಮಾತೂ ಇಲ್ಲ. ಮೊನ್ನೆ ವೇರಾ ನನಗೆ ಮೆಸೇಜ್ ಮಾಡಿದ್ದಳು, ಓಕ್ಸಾನಾ ಹೇಗಿದ್ದಾಳೆಂದು ಕೇಳಿ ಹೇಳುತ್ತೀಯಾ ಎಂದು. ಕೇಳಿದೆ. ಬಹಳ ತಡವಾಗಿ ಓಕ್ಸಾನಾಳ ಉತ್ತರ ಬಂತು:

"ಬದುಕಿದ್ದೀನಿ ಅಂತ ಹೇಳು. ಎಲ್ಲಿದ್ದೀನಿ ಅಂತ ಹೇಳಬೇಡ."