ಹೊಳೆಪ್ಪನ ತಲೆಗೆ ಬಿದ್ದ ಪೆಟ್ಟು

ವಾಸ್ಕೋದ ಲಾಡ್ಜೊಂದರಲ್ಲಿ ಬಟ್ಟೆ ಒಗೆಯುವ ಹುಲಿಗೆವ್ವ ಗೋವಾಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಗಂಡ ಹೊಳೆಪ್ಪ ಮುರ್ಮುಗಾಂವ್ ಬಂದರಿನಲ್ಲಿ ಸರಕು ಇಳಿಸುತ್ತಿದ್ದ. ಅವಳ ಅಣ್ಣ ಗೋಪಪ್ಪ ಅಲ್ಲೇ ಕ್ರೇನ್ ನಡೆಸುತ್ತಿದ್ದ. ಐವತ್ತೆಂಟಕ್ಕೇ ಹೊಳೆಪ್ಪನಿಗೆ ಮರೆವು ಹಿಡಿಯಿತು. ಮೊದಲು ಬೀಡಿ ಇಟ್ಟ ಜಾಗ ಮರೆತ, ಆಮೇಲೆ ಮನೆಯ ದಾರಿ. ಈ ವರ್ಷ ಹೆಂಡತಿಯ ಹೆಸರನ್ನೇ ಮರೆತ.

ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಾಗ ಗೋಪಪ್ಪನೂ ಜೊತೆಗೆ ಬಂದಿದ್ದ. ಡಾಕ್ಟರು ಹಿಂದಿಯಲ್ಲಿ ಕೇಳಿದರು, ತಲೆಗೆ ಎಂದಾದರೂ ಜೋರು ಪೆಟ್ಟು ಬಿದ್ದಿತ್ತೇ ಎಂದು. ಇಲ್ಲವೆಂದಳು ಹುಲಿಗೆವ್ವ. ಅವರು ಸ್ಕ್ಯಾನಿನ ಚಿತ್ರದಲ್ಲಿ ಹಳೆಯ ಗುರುತೊಂದನ್ನು ತೋರಿಸಿದರು.

ಗೋಪಪ್ಪ ತಲೆ ತಗ್ಗಿಸಿದ. "ಬಿದ್ದಿತ್ತು, ತಂಗಿ. ಹನ್ನೆರಡು ವರ್ಸಾತು. ನನ್ನ ಕ್ರೇನಿನ ಕೊಂಡಿ ಬಡದಿತ್ತು."

"ಇವ್ರು ಸಾಂಗೆ ಊರಿಗೆ ಕೆಲಸಕ್ಕ ಹೊಂಟೇನಿ ಅಂತ ಹೇಳಿ ನಾಕು ದಿನ ಮನಿಗೆ ಬರಲಿಲ್ಲಲ್ಲ, ಆವಾಗೇನು?"

"ನನ್ನ ಖೋಲ್ಯಾಗ ಮಲಗಿದ್ದ. ದವಾಖಾನಿಗೆ ಹೋಗಿದ್ರ ನನ್ನ ಕೆಲಸ ಹೋಗ್ತಿತ್ತು. ನಿನಗ ಹೇಳಬ್ಯಾಡ ಅಂದವನೂ ಅವನೇ."

ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಮಿದುಳಿಗೆ ಮೂರು ಪೊರೆಗಳ ಹೊದಿಕೆ. ಆ ಪೊರೆಗಳಲ್ಲಿ ಕಾವಲು ಕಾಯುವ ಜೀವಕೋಶಗಳಿವೆ, ಮಿದುಳಿನ ಕಸ ಹೊರಹೋಗುವ ಸಣ್ಣ ನಾಳಗಳೂ ಇವೆ. ದೊಡ್ಡ ಪೆಟ್ಟು ಬಿದ್ದರೆ ಆ ಕೋಶಗಳು ಕೆರಳಬಹುದು, ನಾಳಗಳು ಕೆಡಬಹುದು. ಕಸ ಉಳಿದು ಮರೆವಿನ ರೋಗ ಬೆಳೆಯುತ್ತದೆಯೇ ಎಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. ಇವನಿಗೆ ಅದರಿಂದಲೇ ಬಂತು ಎನ್ನಲಾರೆ, ಅಲ್ಲ ಎಂದೂ ಹೇಳಲಾರೆ.

ಬಸ್‌ಸ್ಟ್ಯಾಂಡಿನಲ್ಲಿ ಹುಲಿಗೆವ್ವ ಅಣ್ಣನ ಮುಖ ನೋಡಲಿಲ್ಲ. "ಹನ್ನೆರಡು ವರ್ಸ ನನ್ನ ಕೈಯಾಗಿನ ರೊಟ್ಟಿ ತಿಂದಿ. ಇನ್ನ ನಮ್ಮ ಮನಿಗೆ ಬರಬ್ಯಾಡ."

ಮನೆಗೆ ಬಂದವಳೇ ಗಂಡನೆದುರು ಕೂತಳು. "ನನಗ್ಯಾಕ ಸುಳ್ಳು ಹೇಳಿದ್ರಿ? ಅಣ್ಣ ಹೆದರಿದ್ದ, ಖರೇ. ನಿಮಗೇನಾಗಿತ್ತು?"

ಹೊಳೆಪ್ಪ ಮರ್ಯಾದೆಯಿಂದ ಕೇಳಿದ, "ನೀವು ಯಾರ್ರೀ? ಗೋಪಪ್ಪ ಬರಲಿಲ್ಲೇನ್ರಿ?"

ಜಗಳವಾಡಬೇಕೆಂದರೆ ಸುಳ್ಳು ಹೇಳಿದ ಗಂಡನೇ ಅಲ್ಲಿರಲಿಲ್ಲ. ಅವಳು ಗೋಡೆಗೆ ತಿರುಗಿ ಅತ್ತಳು.

ಹೊಳೆಪ್ಪನಿಗೆ ಇನ್ನೂ ಗುರುತು ಸಿಗುತ್ತಿದ್ದ ಮುಖ ಗೋಪಪ್ಪನದೊಂದೇ. ದಿನವೂ ಬಾಗಿಲಲ್ಲಿ ಕೂತು ಅವನೆಲ್ಲಿ ಎಂದೇ ಕೇಳಿದ. ಊಟ ಬಿಟ್ಟ. ಎಂಟನೆಯ ದಿನ ಹುಲಿಗೆವ್ವ ಅಣ್ಣನಿಗೆ ಫೋನ್ ಮಾಡಿದಳು.

"ಬಂದು ಉಣಿಸಿ ಹೋಗು. ನನ್ನ ಕೂಡ ಮಾತಾಡಬ್ಯಾಡ."

ಅಂದಿನಿಂದ ಗೋಪಪ್ಪ ದಿನಾ ಬರುತ್ತಾನೆ. ಅವನು ಒಳಗೆ ಬಂದ ಕೂಡಲೇ ಹುಲಿಗೆವ್ವ ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಲ್ಲುತ್ತಾಳೆ. ಒಳಗಿನಿಂದ ಗಂಡ ನಗುವುದು ಅಲ್ಲಿಗೂ ಕೇಳುತ್ತದೆ.