ಮದಾಮ್ ಮನೆಯ ಫಾತ್ಮಾ

ಕಿತ್ತಳೆ ಹೂವಿನ ನೀರಿನ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ನಾನು ಮತ್ತೆ ಹನ್ನೆರಡರ ಹುಡುಗಿಯಾಗಿ ಇಂಗ್ಲೆಂಡಿನ ಲೀಡ್ಸ್‌ನ ಆ ಕೆಂಪಿಟ್ಟಿಗೆಯ ಬೀದಿಯಲ್ಲಿ ನಿಂತಿರುತ್ತೇನೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಆಸ್ಪತ್ರೆಯಲ್ಲಿ ಡಾಕ್ಟರು. ಅವರ ರೋಟಾ, ಅಂದರೆ ಪಾಳಿಯ ಪಟ್ಟಿ, ನೋಡಿಕೊಂಡೇ ನಮ್ಮ ಮನೆಯ ಊಟ, ನಿದ್ದೆ. ಪಕ್ಕದ ಮನೆಯ ಮದಾಮ್ ಶನಿವಾರಗಳಂದು ನನಗೆ ಫ್ರೆಂಚ್ ಹೇಳಿಕೊಡುತ್ತಿದ್ದರು. ಇಂಗ್ಲಿಷ್ ಗಂಡ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಅವರು ಹುಟ್ಟಿದ್ದು ಫ್ರಾನ್ಸಿನಲ್ಲಲ್ಲ, ಆಗ ಫ್ರೆಂಚರು ಆಳುತ್ತಿದ್ದ ಅಲ್ಜೀರಿಯಾದಲ್ಲಿ. ಆ ಹೂವಿನ ನೀರು ಬೆರೆಸಿ ಅವರು ಮಾಡಿ ಕೊಡುತ್ತಿದ್ದ ಬಿಸ್ಕತ್ತನ್ನು ಧಾರವಾಡದ ನಮ್ಮವ್ವ ಮೂಸಿ ಮೂಸಿ ನೋಡುತ್ತಿದ್ದಳು. "ಇದರಾಗ ತತ್ತಿ ಹಾಕ್ಯಾಳೋ ಏನೋ. ಇಷ್ಟ ಸಕ್ಕರಿಯಂಗ ಮಾತಾಡೋರನ್ನ ನಾ ನಂಬೂದಿಲ್ಲವ್ವಾ." ನನ್ನೊಬ್ಬಳನ್ನೇ ಎಂದೂ ಪಾಠಕ್ಕೆ ಬಿಡಲಿಲ್ಲ. ಮೂಲೆಯ ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತ ಕೂತು, ಮದಾಮ್‌ರ ಕೈ ಬಾಯಿಗಳ ಮೇಲೇ ಕಣ್ಣಿಟ್ಟಿರುತ್ತಿದ್ದಳು.

ಒಂದು ಶನಿವಾರ ಮದಾಮ್ ಅಲ್ಜೀರಿಯಾದ ಹಳೆಯ ಫೋಟೋ ತೋರಿಸಿದರು. ಬಿಳಿ ಮನೆಯ ಮೆಟ್ಟಿಲ ಮೇಲೆ, ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬಳ ಸೊಂಟದಲ್ಲಿ ಪುಟ್ಟ ಮದಾಮ್. "ನಾವು ರಸ್ತೆ ಮಾಡಿಸಿದೆವು, ಶಾಲೆ ಕಟ್ಟಿಸಿದೆವು. ಇಂಗ್ಲಿಷರ ಹಾಗಲ್ಲ, ಅಲ್ಲಿಯವರನ್ನು ನಮ್ಮವರೆಂದೇ ಕಂಡೆವು. ಈಕೆಯಂತೂ ಮನೆಯವಳೇ," ಎಂದರು. ಅವ್ವನ ಸೂಜಿಗಳು ನಿಂತವು. ತನ್ನ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದಳು: "ಇವರ ಹೆಸರು?"

"ಫಾತ್ಮಾ."

"ಅಡುಗೆ ಮಾಡುವವರು ಬೇರೆ ಇದ್ದರಾ?"

"ಅವಳೂ ಫಾತ್ಮಾ. ಕೆಲಸದವರನ್ನೆಲ್ಲ ಹಾಗೇ ಕರೆಯುತ್ತಿದ್ದೆವು."

"ನಿಜವಾದ ಹೆಸರು?"

ಮದಾಮ್ ಫೋಟೋ ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಇಸವಿಯೊಂದೇ ಇತ್ತು. ಅವರ ಕುತ್ತಿಗೆ ನಿಧಾನಕ್ಕೆ ಕೆಂಪೇರಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹೊರಗೆ ಬರುತ್ತಲೇ ಅವ್ವ, "ನೋಡಿದ್ಯಾ? ಸೊಂಟದ ಮ್ಯಾಲ ಹೊತ್ತು ಬೆಳಿಸಿದಾಕಿ ಹೆಸರು ಗೊತ್ತಿಲ್ಲ. ಮನಿಯಾಕಿ ಅಂತ ಮನಿಯಾಕಿ!" ಎಂದಳು. ನನಗೆ ರಜೆಯಲ್ಲಿ ಕಂಡಿದ್ದ ಧಾರವಾಡದ ಅಜ್ಜಿಮನೆಯ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದ ಮುದುಕಿ ನೆನಪಾದಳು. ಅವಳ ಮಾತೆತ್ತಿ ಕುಹಕವೇನೂ ಇಲ್ಲದೆ ಕೇಳಿದೆ: "ವಾಟ್ ವಾಸ್ ಹರ್ ನೇಮ್, ಅವ್ವಾ?" ಅವ್ವ ಬೀಗದಲ್ಲಿ ಕೀಲಿ ತುರುಕಿದಳು. "ಹಿತ್ತಲದಾಕಿ ಅಂತಿದ್ವಿ," ಎಂದಳು, ಕೀಲಿ ತಿರುಗಿಸದೆ. ಸಂಜೆ ಅಜ್ಜಿಗೆ ಫೋನ್ ಮಾಡಿ ಆ ಮುದುಕಿಯ ಹೆಸರು ಕೇಳಿದಳು. ಅಜ್ಜಿ ಆ ಕಡೆಯಿಂದ ನಕ್ಕಿರಬೇಕು; ಅವ್ವ ಮಾತ್ರ ನಗಲಿಲ್ಲ.

ಮುಂದಿನ ಶನಿವಾರ ನಾವು ಹೋಗಲಿಲ್ಲ. ಮೂರನೆಯ ವಾರ ಮದಾಮ್ ತಾವೇ ಬಂದು ಬಾಗಿಲಲ್ಲಿ ನಿಂತರು. ಫ್ರಾನ್ಸಿನ ಮಾರ್ಸೇಯಲ್ಲಿರುವ ಅಕ್ಕನನ್ನು ಫಾತ್ಮಾಳ ನಿಜ ಹೆಸರು ಕೇಳಿದರಂತೆ, ಅವರಿಗೂ ಗೊತ್ತಿಲ್ಲವಂತೆ. ಅವ್ವ ಅವರನ್ನು ಬಹಳ ಹೊತ್ತು ದಿಟ್ಟಿಸಿದಳು. ಆ ನೋಟದಲ್ಲಿ ಅನುಮಾನವೇನೂ ಕಡಿಮೆಯಾಗಿರಲಿಲ್ಲ. ಆದರೆ ಅದು ಮದಾಮ್‌ರೊಬ್ಬರ ಮೇಲಷ್ಟೇ ಉಳಿದಿರಲಿಲ್ಲ. "ನಮ್ಮಲ್ಲೂ ಯಾರಿಗೂ ಗೊತ್ತಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ, ಅಡುಗೆಮನೆಗೆ ಕರೆದು ಚಹಾಕ್ಕಿಟ್ಟಳು.

ಈಗ ಆ ಬೀದಿಯ ಎರಡೂ ಮನೆಗಳಲ್ಲಿ ಬೇರೆ ಯಾರೋ ಇದ್ದಾರೆ. ಮದಾಮ್ ಇಲ್ಲ, ಅಜ್ಜಿ ಇಲ್ಲ, ಅವ್ವನೂ ಹೋದಳು. ಸೊಂಟದ ಮೇಲೆ ಹೊತ್ತವಳ, ಭಾಂಡೆ ತಿಕ್ಕಿದವಳ ಹೆಸರು ಕೇಳೋಣವೆಂದರೆ, ಗೊತ್ತಿಲ್ಲ ಎನ್ನುವವರೂ ಈಗ ಉಳಿದಿಲ್ಲ.