ರುಮಾಲುಗಳ ಪರದೆ

ಚಾಂದಬಿ ಹೋಗಿ ಎರಡು ತಿಂಗಳಾಯಿತು. ಎದೆನೋವು ಬಂದು ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿಯಿತು. ಹಾನಗಲ್ಲಿನಲ್ಲಿ ಅವಳ ಹೆಸರೆತ್ತಿದರೆ ಜನ ಅವಳು ಹೊಲಿದ ಕುಬಸಗಳನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು ಮಾಗಿಯ ಸಂಜೆಗಳು. ಕೆರೆಯ ನೀರಿನ ಮೇಲೆ ಬೆಳಕು ಇನ್ನೂ ಆರಿರುವುದಿಲ್ಲ, ದನಗಳು ಎಬ್ಬಿಸಿದ ಧೂಳು ಓಣಿಯಲ್ಲಿ ಇನ್ನೂ ಕೆಳಗಿಳಿದಿರುವುದಿಲ್ಲ. ಬೇರೆ ಯಾವುದನ್ನು ಬರೆಯಲು ಕುಳಿತರೂ ಕೈ ಅಲ್ಲಿಗೇ ಹೋಗುತ್ತದೆ.

ನಾವಿಬ್ಬರೂ ಒಂದೇ ಗೋಡೆಯ ಆಚೀಚೆ ಇದ್ದವರು. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಅವಳು ಗಂಡ ತೀರಿಕೊಂಡ ಮೇಲೆ ಅವನ ಹೊಲಿಗೆ ಮಶಿನ್ನಿನ ಮುಂದೆ ತಾನೇ ಕುಳಿತು, ಒಬ್ಬಳೇ ಮಗಳು ನಸೀರಾಳನ್ನು ಬೆಳೆಸಿ ಸವಣೂರಿಗೆ ಮದುವೆ ಮಾಡಿಕೊಟ್ಟಿದ್ದಳು. ಗಂಡನ ಅಕ್ಕ ಹಾಜರಾಬಿ ಅವಳ ಜೊತೆಗೇ ಇದ್ದಳು. ನಮ್ಮ ಓಣಿ ಕೆರೆಯ ಏರಿಯ ಕೆಳಗೆ. ಮುಂದೆ ಕಾಲುವೆ, ಅದರಾಚೆ ಭತ್ತದ ಗದ್ದೆ. ಚಳಿಜ್ವರ ಪ್ರತಿ ವರ್ಷ ಬರುತ್ತಿತ್ತು. ಯುದ್ಧ ಜೋರಾದ ಮೇಲೆ ಕ್ವಿನೈನ್ ಗುಳಿಗೆಯೂ ಸಿಗದಾಯಿತು.

1942ರ ಮಾಗಿಯಲ್ಲಿ ನಸೀರಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಚಾಂದಬಿ ಹುಬ್ಬಳ್ಳಿಯಿಂದ ಬಿಳಿಯ ಸೊಳ್ಳೆಪರದೆ ತರಿಸಿ ಮಗಳ ಹೊರಸಿಗೆ ಕಟ್ಟಿದಳು. ರಾತ್ರಿ ಊಟವಾದ ಮೇಲೆ ಅದರ ಅಂಚನ್ನು ಹಾಸಿಗೆಯ ಕೆಳಗೆ ತಾನೇ ಸಿಕ್ಕಿಸುತ್ತಿದ್ದಳು. ಆದರೂ ಜ್ವರ ಬಂತು. ಬಸಿರಿನ ಏಳನೆಯ ತಿಂಗಳಲ್ಲಿ ಕೂಸು ಹೋಯಿತು. ಆಮೇಲೆ ಎಷ್ಟೋ ಬೆಳಗುಗಳಲ್ಲಿ ಚಾಂದಬಿ ಆ ಪರದೆಯನ್ನು ಬಿಸಿಲಿಗೆ ಹಿಡಿದು, ಸೂಜಿಗೆ ದಾರ ಪೋಣಿಸಿಟ್ಟುಕೊಂಡು, ತೂತು ಹುಡುಕುವುದನ್ನು ಕಂಡಿದ್ದೇನೆ. ಒಂದೂ ಸಿಗಲಿಲ್ಲ. ಹುಡುಕುವುದನ್ನು ಅವಳು ಬಿಡಲೂ ಇಲ್ಲ.

ಮರುವರ್ಷ ನಸೀರಾ ಮತ್ತೆ ಬಸುರಿಯಾದಳು. ಗಂಡ ನಿಯಾಜ ಲಾರಿ ನಡೆಸಲು ಪಲ್ಟನ್ನಿಗೆ ಸೇರಿ ದೂರ ಹೋಗಿದ್ದ. ಸವಣೂರಿನ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಬಂಡಿಯಿಂದಿಳಿದ ಮಗಳನ್ನು ಚಾಂದಬಿ ಅಪ್ಪಿಕೊಂಡಳು, ನಗಲು ಮಾತ್ರ ಆಗಲಿಲ್ಲ. ಆ ದಿನ ನನಗೆ ಇಷ್ಟೇ ಹೇಳಿದಳು: "ಈ ಕೂಸನ್ನರ ಉಳಿಸ್ಕೋಬೇಕ್ರಿ ಅಕ್ಕಾರ."

ಆಗಲೇ ಮಲೇರಿಯಾ ಇಲಾಖೆಯ ದ್ಯಾಮಪ್ಪ ನಮ್ಮ ಓಣಿಗೆ ಬಂದದ್ದು. ಸಂಜೆ ದನದ ಕೊಟ್ಟಿಗೆಗಳಲ್ಲಿ ಕುಳಿತು ಸೊಳ್ಳೆಗಳನ್ನು ಗಾಜಿನ ನಳಿಗೆಯಲ್ಲಿ ಹಿಡಿಯುವುದು ಅವನ ಕೆಲಸ. ಓಣಿಗೆಲ್ಲ ಅವನೊಂದು ತಮಾಷೆ. ಸೊಳ್ಳೆಗೂ ರೇಶನ್ ಬಂತೇನೋ ತಮ್ಮಾ ಎಂದು ಎದುರುಮನೆಯ ವೀರವ್ವ ದಿನಾ ಕೇಳುತ್ತಿದ್ದಳು. ಬಂದದ ಅವ್ವಾ, ನಿಮ್ಮ ಓಣಿಯ ಪಾಲು ಜಾಸ್ತಿ ಆಗೇದ ಎಂದು ಅವನೂ ಹೇಳುತ್ತಿದ್ದ.

ಒಂದು ಸಂಜೆ ಅವನು ಬೇಗ ಸಾಮಾನು ಕಟ್ಟುವುದನ್ನು ಕಂಡು, ಇಷ್ಟು ಲಗೂನ ಯಾಕೆ ಎಂದು ಚಾಂದಬಿ ಕೇಳಿದಳು. ಅವನು ಬಿಡಿಸಿ ಹೇಳಿದ. ಬೇಸಿಗೆಯಲ್ಲಿ ಹಿರೇಕೆರೂರಿನ ಕಡೆ ಅರ್ಧರಾತ್ರಿಯವರೆಗೂ ಕೂರಬೇಕಾಗುತ್ತಿತ್ತಂತೆ. ಸೆಕೆಯ ದಿನಗಳಲ್ಲಿ ಸೊಳ್ಳೆ ತಡವಾಗಿ ಹೊರಬೀಳುತ್ತದೆ, ರಾತ್ರಿಯೆಲ್ಲ ಓಡಾಡುತ್ತದೆ. ಮಾಗಿಯಲ್ಲಿ ಹಗಲು ಗಿಡ್ಡ, ರಾತ್ರಿ ಥಂಡಿ. ಹೊತ್ತು ಮುಳುಗಿದ ಕೂಡಲೇ, ಗಾಳಿ ಇನ್ನೂ ಬೆಚ್ಚಗಿರುವಾಗಲೇ ಬಂದು ರಕ್ತ ಕುಡಿದು, ಚಳಿ ಇಳಿಯುವುದರೊಳಗೆ ಕೊಟ್ಟಿಗೆಯ ಸಂದಿಗೊಂದಿ ಸೇರುತ್ತದೆ. ಜ್ವರ ತರುವ ಜಾತಿ ಕಿವಿಯ ಹತ್ತಿರ ಗುಂಯ್‌ಗುಡುವುದೂ ಕಡಿಮೆ ಎಂದ.

ಚಾಂದಬಿ ನನ್ನ ಕಡೆ ತಿರುಗಿದಳು. "ತೂತು ಎಲ್ಲಿಂದ ಸಿಗಬೇಕ್ರಿ ಅಕ್ಕಾರ? ನಾವು ಪರದೆ ಕಟ್ಟೂದ್ರಾಗ ಕಳ್ಳ ಉಂಡು ಮನಿ ಸೇರಿರ್ತಿದ್ದ."

ದೀಪ ಹಚ್ಚುವ ಹೊತ್ತಿಗೆ ನಮ್ಮ ಕಡೆ ಯಾರೂ ಮಲಗುವುದಿಲ್ಲ. ಮುಂಬಾಗಿಲು ತೆರೆದಿಟ್ಟು ಹೊಸ್ತಿಲ ಹತ್ತಿರ ಕೂರುವುದು ನನ್ನ ಮನೆಯಲ್ಲೂ ರೂಢಿ, ಅವಳ ಮನೆಯಲ್ಲೂ ರೂಢಿ. ಹಿಂದಿನ ವರ್ಷ ನಸೀರಾ ಅಲ್ಲೇ ಕುಳಿತು ಕುಬಸಗಳಿಗೆ ಗುಂಡಿ ಹಚ್ಚುತ್ತಿದ್ದಳು. ಮರುದಿನ ಸಂಜೆ ಚಾಂದಬಿ ಹೊರಸಿನ ಪರದೆ ಇಳಿಬಿಟ್ಟು, ಒಳಗೆ ಹೋಗಿ ಮಲಗೆಂದು ಮಗಳಿಗೆ ಹೇಳಿದಾಗ ಹಾಜರಾಬಿ ಅಡ್ಡ ಬಂದಳು. ಮಗ್ರಿಬ್ ನಮಾಜಿನ ಹೊತ್ತಿನಲ್ಲಿ ಬಸುರಿ ಹೆಂಗಸು ಬಿಳಿ ಬಟ್ಟೆಯೊಳಗೆ ಕೈಕಾಲು ಚಾಚಿ ಮಲಗುವುದೇ? ಅವಳ ಕಣ್ಣಿಗೆ ಹೆಣಕ್ಕೆ ಹೊದಿಸುವ ಕಫನ್ ಕಾಣುತ್ತಿತ್ತು. ಬೈದಳು, ಆಮೇಲೆ ಅತ್ತಳು. ನಸೀರಾ ಹೆದರಿ ಹೊರಗೆ ಬಂದುಬಿಟ್ಟಳು.

ಚಾಂದಬಿ ವಾದ ಮಾಡಲಿಲ್ಲ. "ಮಲಗಬಾರದು, ಬಿಳಿ ಇರಬಾರದು. ಅಷ್ಟ ಹೌದಿಲ್ಲೋ ಆಪಾ?" ಎಂದು ಕೇಳಿದಳು. ಹಾಜರಾಬಿ ಮೂಗು ಒರೆಸಿಕೊಳ್ಳುತ್ತ ಹೂಂ ಅಂದಳು.

ಬೆಳಗಾದ ಮೇಲೆ ಚಾಂದಬಿ ಓಣಿಯ ಮನೆಮನೆಗೆ ಹೋಗಿ ಗಂಡಸರ ಹಳೆಯ ರುಮಾಲು ಕೇಳಿದಳು. ಹೊಸ ಬಟ್ಟೆ ಸಿಗದ ಕಾಲ ಅದು. ಬಹಳ ವರ್ಷ ತಲೆಗೆ ಸುತ್ತಿ ಒಗೆದ ರುಮಾಲು ಗಾಳಿ ಆಡುವಷ್ಟು ತೆಳ್ಳಗಾಗಿರುತ್ತದೆ, ಎಳೆಗಳು ಮಾತ್ರ ಒತ್ತಾಗೇ ಇರುತ್ತವೆ. ಹಳದಿ ಬಂತು, ಕೇಸರಿ ಬಂತು, ಹಸಿರು ಬಂತು. ವೀರವ್ವನ ಗಂಡ ಮಹಾಲಿಂಗಪ್ಪನವರು ತಮ್ಮ ಗುಲಾಬಿ ರುಮಾಲು ಕೊಡಲು ಹಿಂದೆಮುಂದೆ ನೋಡಿದರು.

"ಇಷ್ಟ ವರ್ಷ ನನ್ನ ತಲಿ ಕಾದೈತಿ ನೋಡವಾ ಇದು."

"ಕಾಯಾಕ ಒಳಗರ ಏನಿತ್ತು?" ಒಳಗಿನಿಂದ ವೀರವ್ವ ಅಂದಳು. "ಕೊಡ್ರಿ ಸುಮ್ನ. ಈಗರ ಒಂದು ಕೆಲಸಕ್ಕ ಬರಲಿ."

ಪಡಸಾಲೆಯ ನಾಲ್ಕು ಕಂಬಗಳಿಗೆ ಕಟ್ಟುವಷ್ಟು ದೊಡ್ಡ ಪರದೆಯಾಯಿತು ಅದು. ಒಳಗೆ ಚಾಪೆ, ಚಾಪೆಯ ನಡುವೆ ಕಂದೀಲು. ಹೊತ್ತು ಮುಳುಗುವ ಮೊದಲೇ ನಸೀರಾ ಒಳಗೆ ಬಂದು ಕೂರುತ್ತಿದ್ದಳು, ಅವಳ ಜೊತೆ ನಾವೂ. ಹಾಜರಾಬಿ ಮೊದಮೊದಲು ಹೊರಗೇ ನಿಂತು ನೋಡಿದಳು. ಒಂದು ದಿನ ನಮಾಜಿನ ಚಾಪೆ ಹಿಡಿದು ತಾನೂ ಬಂದಳು. ಆಮೇಲೆ ಅಂಚು ಸರಿಯಾಗಿ ಸಿಕ್ಕಿಸಿಲ್ಲವೆಂದು ಎಲ್ಲರನ್ನೂ ಬೈಯುವ ಕೆಲಸ ಅವಳದಾಯಿತು. ವೀರವ್ವ ಶೇಂಗಾ ಸುಲಿಯಲು ತರುತ್ತಿದ್ದಳು. ನಾನು ಪುಸ್ತಕ ಓದಿ ಹೇಳುತ್ತಿದ್ದೆ.

ಆ ಸಂಜೆಗಳಂಥವನ್ನು ನಾನು ಮತ್ತೆ ಕಂಡಿಲ್ಲ. ಒಳಗಿನಿಂದ ನೋಡಿದರೆ ಓಣಿ ಯಾವುದೋ ನೀರಿನ ಕೆಳಗಿದ್ದಂತಿರುತ್ತಿತ್ತು. ಮನೆಗೆ ಮರಳುವ ಆಕಳೊಂದು ಹಳದಿಯಾಗಿ ಬಂದು, ಗುಲಾಬಿಯಾಗಿ ದಾಟಿ, ಹಸಿರಿನಲ್ಲಿ ಕರಗಿಹೋಗುತ್ತಿತ್ತು. ಹೊರಗೆ ಯಾರೋ ಮಾತಾಡಿದ್ದು ದೂರದ ಊರಿನಿಂದ ಬಂದಂತೆ ಕೇಳಿಸುತ್ತಿತ್ತು. ಹಗಲು ಗಿಡ್ಡಾದಂತೆ ನಾವೂ ಬೇಗ ಬೇಗ ಒಳಸೇರಿದೆವು. ಚಳಿ ನೆಲಕ್ಕಿಳಿದು ಪಾದ ಕೊರೆಯತೊಡಗಿದ ಮೇಲೆಯೇ ಚಾಂದಬಿ ಅಂಚು ಎತ್ತುವುದು. ಎತ್ತುವ ಮೊದಲು ಮಗಳ ಹಣೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು, ಆಗ ನಾವೆಲ್ಲ ಮಾತು ನಿಲ್ಲಿಸುತ್ತಿದ್ದೆವು. ಸಂಕ್ರಾಂತಿ ಬಂತು, ಹೋಯಿತು. ಓಣಿಯಲ್ಲಿ ಅಲ್ಲಲ್ಲಿ ಜ್ವರ ಬಿತ್ತು. ನಸೀರಾಳಿಗೆ ಬೀಳಲಿಲ್ಲ.

ಫೆಬ್ರುವರಿಯ ಒಂದು ಸಂಜೆ ನಾನು ಓದುತ್ತಿದ್ದಾಗ ನಸೀರಾ ಇದ್ದಕ್ಕಿದ್ದಂತೆ ನಡುಗತೊಡಗಿದಳು. ಹಲ್ಲು ಕಟಕಟ ಅಂದವು. ವೀರವ್ವನ ಮಡಿಲಿನಿಂದ ಶೇಂಗಾ ಚೆಲ್ಲಿದವು. ಚಾಂದಬಿ ಕೈ ಎತ್ತಿದಳು, ಮಗಳ ಹಣೆಯವರೆಗೂ ಅದು ಹೋಗಲಿಲ್ಲ.

"ಅಕ್ಕಾರ, ನೀವ ನೋಡ್ರಿ. ನನ್ನ ಕೈಲೆ ಆಗೂದಿಲ್ಲ."

ನಾನು ಮುಟ್ಟಿದೆ. ಹಣೆ ಬೆವೆತಿತ್ತು. ಬಿಸಿಯಿರಲಿಲ್ಲ. ಅಷ್ಟರಲ್ಲಿ ಹಾಜರಾಬಿ ನಸೀರಾಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಜ್ವರ ಅಲ್ಲಿದು. ದಿನ ತುಂಬ್ಯಾವ. ಸೂಲಗಿತ್ತಿ ಶಿವಬಸವ್ವನ್ನ ಕರೀರಿ," ಎಂದಳು.

ಸೂರ್ಯ ಹುಟ್ಟುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಓಣಿಗೆಲ್ಲ ಕೇಳುವಂತೆ ಅತ್ತಿತು. ಚಾಂದಬಿ ಒಳಗೆ ಹೋಗಿ ಮಗಳ ಹಣೆ ಮುಟ್ಟಿದಳು, ಕೂಸಿನ ಹಣೆ ಮುಟ್ಟಿದಳು, ಮತ್ತೊಮ್ಮೆ ಮಗಳ ಹಣೆ ಮುಟ್ಟಿದಳು. ಹೊರಗೆ ಬಂದು ಕಂಬಕ್ಕೆ ಒರಗಿದವಳು ಕುಳಿತಲ್ಲೇ ನಿದ್ದೆಹೋದಳು. ಬಿಸಿಲು ಮುಖದ ಮೇಲೆ ಬಿದ್ದರೂ ಏಳಲಿಲ್ಲ. ಸಾಲೆಯ ಗಂಟೆ ಬಾರಿಸಿದ್ದು ನನಗೆ ಕೇಳಿಸಿತು. ನಾನು ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದು ಅವಳ ಮಗ್ಗಲಿಗೆ ಕುಳಿತೇ ಇದ್ದೆ.